ಹನುಮಪ್ಪನ ಕಿವಿ

ಕೊಡ ತುಂಬಿದೊಡನೆ ರಾಯವ್ವ ಓಣಿಯ ನಳವನ್ನು ಒಮ್ಮೆಲೇ ತಿರುವಿ ಬಂದ್ ಮಾಡಿದಳು. ಗೋಡೆಗುಂಟ ಹೋದ ಪೈಪು ಧಡ್ ಧಡ್ ಎಂದು ಬಡಿದುಕೊಂಡಿತು. ಅಂಗಳದಲ್ಲಿದ್ದವರೆಲ್ಲ ರೂಢಿಯಂತೆ ಹನುಮಪ್ಪನ ಕಡೆ ನೋಡಿದರು.

ಅವನನ್ನು ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂಡಿಸಿದ್ದರು. ಗದ್ದಕ್ಕೂ ನೆತ್ತಿಗೂ ಸೇರಿಸಿ ಬಿಳಿ ಅರಿವೆ ಕಟ್ಟಿದ್ದರು.

"ಊರಾನ ಪೈಪೆಲ್ಲಾ ಸುಮ್ಮನ ಮಾಡಿದಾಂವ, ನಮ್ಮ ಓಣೀದು ಒಂದು ಹಂಗಽ ಬಿಟ್ಟ ನೋಡ," ಎಂದು ರಾಯವ್ವ ಕೊಡ ಎತ್ತಿಕೊಂಡಳು. ಅವಳದು ಪಕ್ಕದ ಮನೆ. ನಡುವೆ ಒಂದೇ ಗೋಡೆ.

ಹನುಮಪ್ಪ ಸವದತ್ತಿ ಪುರಸಭೆಯ ನಳದ ಫಿಟ್ಟರ್. ನಿನ್ನೆ ಮಧ್ಯಾಹ್ನ ಯರಗಟ್ಟಿ ರಸ್ತೆಯಲ್ಲಿ ಸೈಕಲ್ ಮೇಲೆ ಬರುತ್ತಿದ್ದ. ಹಿಂದಿನಿಂದ ಹತ್ತಿ ಹೇರಿಕೊಂಡು ಬಂದ ಲಾರಿ ಬಡಿಯಿತು. ಒಂದು ಫರ್ಲಾಂಗ್ ದೂರದಿಂದ ಹಾರ್ನ್ ಹೊಡೆಯುತ್ತಲೇ ಬಂದೆ, ಸೈಕಲ್ಲಿನವನು ಸರಿಯಲಿಲ್ಲ ಎಂದು ಡ್ರೈವರ್ ಪೊಲೀಸರ ಮುಂದೆ ಅತ್ತನಂತೆ. ಹೊಲದಲ್ಲಿದ್ದವರೂ ಹಾರ್ನ್ ಕೇಳಿದ್ದರು.

ನೀಲಕಂಠ ಮಾಸ್ತರರು ಬಂದಿದ್ದರು. ಕೇರಿಯ ಒಳಗೆ ಬರಲಿಲ್ಲ. ಓಣಿಯ ಬಾಯಲ್ಲಿ ಬೇವಿನ ಮರದ ಕೆಳಗೆ ಛತ್ರಿ ಹಿಡಿದು ನಿಂತು, ತಮ್ಮ ಮನೆಯ ಪೈಪಿನ ಕತೆಯನ್ನು ಗಂಗಪ್ಪನಿಗೆ ಹೇಳುತ್ತಿದ್ದರು. ಗಂಗಪ್ಪ ಹನುಮಪ್ಪನ ಕಾಕಾ. ಇಂದು ಎಲ್ಲ ಅವನದೇ ಹಿರಿತನ. ಮಾಸ್ತರರ ಅಡುಗೆಮನೆಯ ಪೈಪು ಮೂರು ತಿಂಗಳು ಸೀಟಿ ಹೊಡೆಯಿತಂತೆ. ಬೆಳಗಾವಿಯಿಂದ ಬಂದ ಮಿಸ್ತ್ರಿಗೂ ತಿಳಿಯಲಿಲ್ಲವಂತೆ.

"ಇಂವ ಒಳಗ ಕಾಲಿಡಲಿಲ್ಲ. ಹಿತ್ತಲ ಗ್ವಾಡೀ ಆಚೆ ನಿಂತು, ನಳದಾಗಿನ ತೊಗಲಿನ ವಾಶರ್ ಸವದದ ಅಂತ ಹೇಳಿದ. ನಾವು ಒದರೂದೂ ಬೇಕಾಗಿದ್ದಿಲ್ಲ, ದೂರಿಂದ ಕೈ ಮಾಡಿದ್ರ ಸಾಕು, ತಿಳಕೋತಿದ್ದ." ಮಾಸ್ತರರು ಛತ್ರಿಯನ್ನು ಇನ್ನೊಂದು ಕೈಗೆ ಬದಲಿಸಿದರು. "ಅಂಥಾ ಕಿವಿ ಇದ್ದಾಂವಗ ಹಾರ್ನ್ ಕೇಳಲಿಲ್ಲ ಅಂದ್ರ ಹ್ಯಾಂಗ, ಗಂಗಪ್ಪ?"

ಆ ಪ್ರಶ್ನೆ ಬೇವಿನ ಮರದಿಂದ ಹೊರಟು, ಚಟ್ಟದ ಬಿದಿರು ಕಟ್ಟುತ್ತಿದ್ದವರ ನಡುವೆ ಹಾದು, ಹೆಂಗಸರವರೆಗೆ ಬಂತು. ಕೇಳಲಿಲ್ಲ ಅಂತಲ್ಲ, ಸರಿಯಲಿಲ್ಲ ಎಂದು ಯಾರೋ ಅಂದರು. ಹೆಂಡತಿ ಎಂ.ಎ. ಓದಿದವಳು, ಗಂಡ ಪೈಪು ತಿರುವುವವನು ಎಂದು ಇನ್ನೊಬ್ಬರು. ರಾಯವ್ವ ಸೆರಗಿನಿಂದ ಕೈ ಒರೆಸಿಕೊಂಡು, ತಾನು ಚಾಡಿ ಹೇಳುವವಳಲ್ಲ, ಆದರೆ ಎರಡು ವರ್ಷದಿಂದ ದಿನವೂ ಆ ಮನೆಯಲ್ಲಿ ಇವಳದೇ ದನಿ, ಅವನದು ಒಂದು ಮಾತಿಲ್ಲ ಎಂದಳು. ಮಾತು ತಿಳಿಯಲಿಲ್ಲವಾದರೂ, ಮೊನ್ನೆ ಸಂಜೆಯಂತೂ ಗೋಡೆ ಬೀಳುವ ಹಾಗೆ ಒದರಿದ್ದಳಂತೆ.

ಇಂದ್ರವ್ವ ಗಂಡನ ಕಾಲ ಬಳಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

*

ಎರಡು ವರ್ಷದ ಹಿಂದೆ, ಹನುಮಪ್ಪನಿಗೆ ವಿಷಮಜ್ವರ ಬಂದು ಬಿಟ್ಟ ವರ್ಷ. ಅವನ ಬೆನ್ನ ಹಿಂದೆ ನೀರಿನ ಕಟ್ಟೆಯಿಂದ ತಾಮ್ರದ ಕೊಡ ಜಾರಿ ಫರಸಿಯ ಮೇಲೆ ಬಿತ್ತು. ಬಾಗಿಲಲ್ಲಿ ಓದುತ್ತ ಕೂತಿದ್ದ ಇಂದ್ರವ್ವ ಬೆಚ್ಚಿಬಿದ್ದಳು. ಅವನು ಸೈಕಲ್ಲಿನ ಚೈನು ಒರೆಸುತ್ತಲೇ ಇದ್ದ. ನೀರು ಕಾಲಿಗೆ ತಾಗಿದ ಮೇಲೆ ತಿರುಗಿದ.

ಅವಳು ಎದುರಿಗೆ ಬಂದು ಕೂತಳು. ಕಿವಿ ಕೇಳದೆ ಎಷ್ಟು ದಿನವಾಯಿತೆಂದು ತುಟಿಯಲ್ಲೇ ಕೇಳಿದಳು.

"ದೀಪಾವಳಿಯಿಂದ ಪೂರಾ," ಎಂದ.

ಕೆಲಸ ಹೇಗೆ ಎಂದರೆ, ಚೀಲದಿಂದ ಸ್ಕ್ರೂಡ್ರೈವರ್ ತೆಗೆದ. ಅದರ ಕಟ್ಟಿಗೆಯ ಹಿಡಿಕೆಯ ತುಂಬ ಹಲ್ಲಿನ ಗುರುತು. ಅವಳನ್ನು ಹೊರಗೆ ಕರೆದೊಯ್ದು, ತುದಿಯನ್ನು ಪೈಪಿಗೆ ಒತ್ತಿ, ಹಿಡಿಕೆ ಕಚ್ಚಲು ಹೇಳಿದ. ಆಚೆ ಯಾರೋ ನಳ ಬಂದ್ ಮಾಡಿದರು. ಅವಳ ದವಡೆಗೆ ಗುದ್ದಿದಂತಾಯಿತು.

"ಓಡೂ ನೀರು ಒಮ್ಮೆಲೇ ನಿಂತ್ರ ಹಿಂಗ ಗುದ್ದತೈತಿ. ಪೈಪ ಬಿಗಿ ಇಲ್ಲ, ಗ್ವಾಡಿಗೆ ಕ್ಲಾಂಪ್ ಹೊಡೀಬೇಕು. ಹಲ್ಲಿನ ಬುಡದಾಗ ಇರಿವಿ ಹರದಂಗ ಆದ್ರ ಸೀಟಿ. ವಾಶರ್ ಸವದಿರತೈತಿ." ಸಾಲೆಯ ಹುಡುಗ ಪಾಠ ಒಪ್ಪಿಸಿದ ಹಾಗೆ ಹೇಳಿದ. ಆಮೇಲೆ ದನಿ ತಗ್ಗಿಸಿದೆನೆಂದುಕೊಂಡು ಜೋರಾಗಿಯೇ ಅಂದ: "ಅವ್ವಗ ಹೇಳಬ್ಯಾಡ. ದಿನಾ ಸಂಜಿಕಿ ನನ್ನ ಮುಂದ ಕುಂತು ಮಾತಾಡತಾಳ. ನಮ್ಮಪ್ಪ ಒಂದಿನಾನೂ ಆಕಿ ಮಾತು ಕೇಳಿದಾಂವಲ್ಲ."

ಅವಳು ಅವನ ಕೈ ಮುಟ್ಟಿ ಮಾತು ಕೊಟ್ಟಳು.

ಊರಿಗೆ ಗೊತ್ತಾಗಲಿಲ್ಲ. ಯಾವ ಮನೆಯವರೂ ಅವನನ್ನು ಒಳಗೆ ಕರೆದು, ಎದುರು ಕೂಡಿಸಿಕೊಂಡು ಮಾತಾಡಿಸುತ್ತಿರಲಿಲ್ಲ. ಅಂಗಳದಾಚೆ ನಿಲ್ಲಿಸಿ ಕೈಸನ್ನೆ ಮಾಡುತ್ತಿದ್ದರು. ಹಾಗೆ ದೂರ ನಿಲ್ಲಿಸಿದ್ದೇ ಅವನ ನೌಕರಿಯನ್ನು ಉಳಿಸಿತು. ಅತ್ತೆ ಮನೆಯಲ್ಲಿಲ್ಲದ ಹೊತ್ತು, ದೀಪ ಮಂದವಾಗಿ ತುಟಿ ಕಾಣದಾದಾಗ ಇಂದ್ರವ್ವ ಅವನ ಕಿವಿಯ ಹತ್ತಿರ ಒದರುತ್ತಿದ್ದಳು. ಒಂದೊಂದು ಸಲ ಒಂದು ಶಬ್ದ ದಾಟುತ್ತಿತ್ತು. ಮೊನ್ನೆ ಸಂಜೆ ಒದರಿದ್ದು, ಬೈಲಹೊಂಗಲದ ಹೆಣ್ಣುಮಕ್ಕಳ ಸಾಲೆಯಿಂದ ನೌಕರಿಯ ಆರ್ಡರ್ ಬಂದದ್ದನ್ನು. ನಾಲ್ಕನೆಯ ಸಲಕ್ಕೆ ತಿಳಿದು ಅವನು ನಕ್ಕಿದ್ದ. ಅವ್ವನನ್ನೂ ಕರೆದುಕೊಂಡು ಹೋಗೋಣ, ಅಲ್ಲಿಯೂ ನಳಗಳಿರುತ್ತವೆ ಎಂದಿದ್ದ.

*

ಗಂಗಪ್ಪ ಬಂದು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಬಿದಿರು ಕಟ್ಟಿ ಆಗಿತ್ತು.

"ಯವ್ವಾ ಇಂದ್ರವ್ವ, ಹೆಣ ಎತ್ತೂಕಿಂತ ಮದಲ ನಿನ್ನ ಬಾಯಿಲೆ ಕೇಳಬೇಕು. ನಿನ್ನ ತಪ್ಪಿಲ್ಲಂದ್ರ ಹೇಳು, ಬೈಲಹೊಂಗಲದ ನೌಕರಿಗೆ ನಾನಽ ಹೋಗಿ ಬಿಟ್ಟು ಬರತೇನಿ. ನಿನ್ನ ಮಾತಿಗೆ ಬ್ಯಾಸತ್ತು ಹಿಂಗ ಮಾಡಕೊಂಡಾನಂದ್ರ, ಆ ಮುದುಕಿ ಇರೂತನಾ ನೀ ಈ ಹೊಸ್ತಲಾ ದಾಟಂಗಿಲ್ಲ."

ಮೂರು ಶಬ್ದ ಸಾಕಿತ್ತು.

"ಅವರಿಗೆ..." ಎಂದಳು.

ಅತ್ತೆ ಲಗಮವ್ವನಿಗೆ ಈ ಪಂಚಾಯ್ತಿಯ ಪರಿವೆ ಇರಲಿಲ್ಲ. ಮಗನ ಪಾದ ತಿಕ್ಕುತ್ತ, ಹೂಲಿಯಿಂದ ಬಂದ ತಂಗಿ ಶೆಟ್ಟೆವ್ವನಿಗೆ ಹೇಳುತ್ತಿದ್ದಳು:

"ನಿನ್ನಿ ಮುಂಜಾನೆನೂ ಹೇಳೀನಿ ಅವಗ. ಅವರಪ್ಪ ನನ್ನ ಕೊಟಗ್ಯಾಗ ಹಾಕಿ ಕೀಲಿ ಹಾಕಿದ್ದು. ಯಾರ ಮುಂದೂ ಹೇಳಿದ್ದಿಲ್ಲ ಅದನ್ನ. ನನ್ನ ಮಾರಿ ನೋಡಕೋಂತ ಕುಂತು ಎಲ್ಲಾ ಕೇಳಿದ. ಈ ಕೇರ್ಯಾಗ ಯಾರ ಮಗ ಕೇಳ್ಯಾನ ಹೇಳ? ಹೊಟ್ಯಾಗಿಂದೆಲ್ಲಾ ಅವನ ಕಿವ್ಯಾಗ ಹಾಕೀನಿ, ಶೆಟ್ಟೆವ್ವ. ನಾ ಹಗರ ಆಗೇನಿ."

"ಅವಗ ಏನು?" ಎಂದ ಗಂಗಪ್ಪ.

ಇಂದ್ರವ್ವ ಅತ್ತೆಯ ಕೈಯನ್ನು ನೋಡುತ್ತಿದ್ದಳು. ಅದು ಮಗನ ಹಿಮ್ಮಡಿಯ ಗ್ರೀಸನ್ನು ಉಗುರಿನಿಂದ ಕೆರೆದು ತೆಗೆಯುತ್ತಿತ್ತು.

"ಅವರಿಗೆ ನಾನಽ ಅಂದ್ನಿ," ಎಂದಳು. "ಬಾಯಿಗೆ ಬಂದಂಗ ಅಂದ್ನಿ."

ಗಂಗಪ್ಪ ಮೊಣಕಾಲಿಗೆ ಕೈ ಊರಿ ಎದ್ದ. ಯಾರೂ ಅವಳನ್ನು ಬೈಯಲಿಲ್ಲ. ರಾಯವ್ವ ಒಮ್ಮೆ ಮೂಗು ಸೆಳೆದುಕೊಂಡಳು. ಬೇವಿನ ಮರದ ಕೆಳಗೆ ಮಾಸ್ತರರು ಛತ್ರಿ ಮಡಚಿ, ಮತ್ತೆ ಬಿಚ್ಚಿ, ಹೊರಟುಹೋದರು. ನಾಲ್ಕು ಜನ ಹೆಗಲು ಕೊಟ್ಟರು. ಹಲಗೆ ಬಾರಿಸುವ ಸದ್ದು ಓಣಿ ದಾಟಿ ದೂರವಾಯಿತು.

ಹೆಂಗಸರು ಇಂದ್ರವ್ವನನ್ನು ಬಚ್ಚಲ ಕಲ್ಲಿನ ಮೇಲೆ ಕೂಡಿಸಿದರು. ಬಳೆ ಒಡೆದರು. ಗಾಜು ತಾಗಿ ಮುಂಗೈಯಲ್ಲಿ ರಕ್ತ ಬಂದದ್ದನ್ನು ಅವಳು ಬೇರೆ ಯಾರದೋ ಕೈ ಎಂಬಂತೆ ನೋಡಿದಳು. ಒಬ್ಬರಾದ ಮೇಲೆ ಒಬ್ಬರು ತಲೆಯ ಮೇಲೆ ಕೊಡ ಬೋರಲು ಹಾಕಿದರು. ನೀರು ಇಳಿದು ಎರಡೂ ಕಿವಿಗಳನ್ನು ತುಂಬಿತು. ಓಣಿಯ ಸದ್ದೆಲ್ಲ ಅಡಗಿತು.

ಲಗಮವ್ವ ಹೆಂಗಸರನ್ನು ಸರಿಸಿಕೊಂಡು ಬಂದು ಎದುರಿಗೆ ಕೂತಳು. ಸೊಸೆಯ ಒದ್ದೆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಮುದುಕಿಯ ತುಟಿಗಳು ಅಲುಗಾಡತೊಡಗಿದವು, ನಿಂತವು, ಮತ್ತೆ ಅಲುಗಾಡಿದವು. ಇಂದ್ರವ್ವ ಆ ತುಟಿಗಳ ಮೇಲೆ ಕಣ್ಣಿಟ್ಟು, ನಿಧಾನವಾಗಿ ತಲೆಯಾಡಿಸಿದಳು.