ಸೇತುವೆ ಹತ್ತಿರ ಮಳೆ

ಸುಳ್ಳು ಹೇಳುತ್ತಿದ್ದೆ, ಹೌದು. ಒಂಬತ್ತು ವರ್ಷ ಹೇಳಿದೆ. ಯಾರಿಗೂ ಕೇಡು ಬಗೆದು ಹೇಳಿದ್ದಲ್ಲ, ಆದರೂ ಸುಳ್ಳು ಸುಳ್ಳೇ.

ನಮ್ಮ ಮನೆ ಅಡೆನೌ ಊರಿನ ತುದಿಯಲ್ಲಿದೆ. ರಿಂಗ್ ಎನ್ನುವ ಕಾರು ರೇಸಿನ ರಸ್ತೆ ಬೆಟ್ಟದಿಂದ ಇಳಿದು ಸೇತುವೆ ದಾಟುವ ತಿರುವಿದೆಯಲ್ಲ, ಅದರ ಪಕ್ಕದಲ್ಲೇ. ಅಡುಗೆಮನೆ ಕಿಟಕಿ ತೆಗೆದರೆ ಬೇಲಿ, ಬೇಲಿಯಾಚೆ ಡಾಂಬರು. ಇಪ್ಪತ್ತು ಕಿಲೋಮೀಟರಿನ ಸುತ್ತು ಅದು. ಭಾನುವಾರ ಚೀಟಿ ಕೊಂಡರೆ ಯಾರು ಬೇಕಾದರೂ ತಮ್ಮ ಕಾರನ್ನು ಎಷ್ಟು ಜೋರಾಗಿ ಬೇಕಾದರೂ ಓಡಿಸಿಕೊಳ್ಳಬಹುದು. ಮೇಲೆ ಬೆಟ್ಟದಲ್ಲಿ ಕಾರುಗಳನ್ನು ಒಳಬಿಡುವ ಗೇಟಿನ ಹತ್ತಿರ ಬಿಸಿಲು ಕಾಯುತ್ತಿರುತ್ತದೆ, ಅದೇ ಹೊತ್ತಿಗೆ ಕೆಳಗೆ ನಮ್ಮಲ್ಲಿ ಧೋ ಎಂದು ಸುರಿಯುತ್ತಿರುತ್ತದೆ. ಹಾಗಾಗಿ ಯಾವ ಟೈರು ಹಾಕಬೇಕೆಂದು ನಿರ್ಧರಿಸುವ ಮುಂಚೆ ಮೇಲಿನವರು ಕೆಳಗಿನವರಿಗೆ ಫೋನು ಮಾಡಿ ಕೇಳುವುದು ನಮ್ಮ ಕಡೆ ರೂಢಿ. ಕೆಳಗಿನವರು ಎಂದರೆ ನಾನು, ರೋಸ್ವಿತಾ.

ಎಂಬತ್ನಾಲ್ಕರಲ್ಲಿ ನನ್ನ ಗಂಡನ ಗೆಳೆಯ ಎವಾಲ್ಟ್ ಕೇಳಿದ್ದ. ನಾನು ಕಿಟಕಿಯಿಂದ ಇಣುಕಿ, ‘ಒಣಗಿದೆ ಹೋಗಪ್ಪ’ ಎಂದೆ. ಒಣಗಿಯೇ ಇತ್ತು. ಅವನು ಒಣ ರಸ್ತೆಯ ಟೈರು ಹಾಕಿಸಿ, ಹೊರಟು, ನಮ್ಮ ತಿರುವಿಗೆ ಬರುವಷ್ಟರಲ್ಲಿ ಒಂದು ಮೋಡ ಬಂದು ಸುರಿದು ಹೋಗಿತ್ತು. ಅವನನ್ನು ಮಣ್ಣು ಮಾಡಿದ ದಿನದಿಂದ ಯಾರು ಕೇಳಿದರೂ ನನ್ನದು ಒಂದೇ ಉತ್ತರ: ಒದ್ದೆ. ನೆತ್ತಿ ಸುಡುವ ಜುಲೈನಲ್ಲೂ ಒದ್ದೆ ಎಂದಿದ್ದೇನೆ.

ಜನ ಪೆದ್ದರೇನು? ಎರಡೇ ಬೇಸಿಗೆಯಲ್ಲಿ ಅರ್ಥ ಮಾಡಿಕೊಂಡರು. ‘ರೋಸ್ವಿತಾ ಮಳೆ ಅಂದ್ರೆ ಮೋಡ, ಪ್ರವಾಹ ಅಂದ್ರೆ ತುಂತುರು’ ಎಂದು ಲೆಕ್ಕ ಹಾಕಿಕೊಂಡರು. ನನ್ನ ಮೈದುನ ಕುನಿಬರ್ಟ್‌ನ ಟೈರು ಅಂಗಡಿ ಗೇಟಿನ ಬಳಿಯೇ ಇದೆ. ಅಲ್ಲಿ ಇದೊಂದು ದೊಡ್ಡ ತಮಾಷೆ. ಆಡಿಕೊಂಡರೆ ಆಡಿಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ.

ತೊಂಬತ್ತಮೂರರ ಅಕ್ಟೋಬರಿನ ಕೊನೆಯ ಭಾನುವಾರ. ಅಂದು ಮುಚ್ಚಿದರೆ ಗೇಟು ತೆರೆಯುವುದು ವಸಂತಕ್ಕೇ. ನನ್ನ ಗಂಡ ಗೆರೆಯೊನ್‌ನದು ತಗ್ಗಾದ ಬೆಳ್ಳಿ ಬಣ್ಣದ ಸ್ಪೋರ್ಟ್ಸ್ ಕಾರು. ಅದಕ್ಕೆಂದು ಮೇ ತಿಂಗಳಲ್ಲೇ ನಾಲ್ಕು ಮೆತ್ತನೆ ಟೈರು ತಂದು ತಮ್ಮನ ಅಂಗಡಿಯಲ್ಲಿಟ್ಟಿದ್ದ. ಒಣ ರಸ್ತೆಯಲ್ಲಿ ಬಿಸಿಯಾದರೆ ಗೋಂದಿನ ಹಾಗೆ ಅಂಟಿಕೊಳ್ಳುವ ಟೈರು ಅದು. ಮೈಮೇಲೆ ನೀರು ಹೊರಹೋಗಲು ಗೆರೆಗಳು ಇದ್ದರೂ ಇಲ್ಲದ ಹಾಗೆ. ನೀರು ಕಂಡರೆ ಸೋಪೇ ಸರಿ. ಆ ವರ್ಷವಿಡೀ ಭಾನುವಾರವಾಯಿತೆಂದರೆ ಮಳೆ. ಚಳಿಗಾಲ ಪೂರ್ತಿ ಇಟ್ಟರೆ ರಬ್ಬರು ಗಟ್ಟಿಯಾಗುತ್ತದೆ, ಇವತ್ತು ಹಾಕದಿದ್ದರೆ ದಂಡ ಎಂದು ಬೆಳಿಗ್ಗೆಯಿಂದ ಗೊಣಗುತ್ತಲೇ ಇದ್ದ. ಊಟ ಮುಗಿಸಿ ಮೇಲೆ ಹೋದ.

ಮೂರೂವರೆಗೆ ಫೋನು ಬಂತು. ನಮ್ಮಲ್ಲಿ ಆಗಲೇ ಮಳೆ ಹಿಡಿದು ಹತ್ತು ನಿಮಿಷವಾಗಿತ್ತು. ಮಳೆಯೆಂದರೆ ಎಂಥದ್ದು! ಬೇಲಿಯೇ ಕಾಣುತ್ತಿರಲಿಲ್ಲ.

“ಅತ್ತಿಗೆ, ಕುನಿ ಮಾತಾಡ್ತಿರೋದು. ಇಲ್ಲಿ ನೆಲ ಬಿಸ್ಕತ್ತಿನ ಥರ ಗರಿಗರಿ ಅಂತಿದೆ. ನಿಮ್ಮಲ್ಲಿ ಹೇಗೆ? ಪ್ರಳಯ ಆಗಿ ನೋಹನ ಹಡಗು ಬಂತಾ?”

“ಕುನಿ, ತಮಾಷೆ ಬೇಡ. ಸುರೀತಿದೆ. ರಸ್ತೆ ಮೇಲೆ ನೀರು ಹರೀತಿದೆ.”

“ಆಹಾ, ಹರೀತಾನೇ ಇದೆಯಾ?” ಅತ್ತ ತಿರುಗಿ ಕೂಗಿದ. “ಅಣ್ಣಾ, ಅತ್ತಿಗೆ ಹೊಳೆ ಹರೀತಿದೆ ಅಂತಿದಾರೆ! ಅಂದ್ರೆ ಎರಡು ಹನಿ!” ಹಿಂದೆ ಯಾರೋ ಗೊಳ್ಳೆಂದು ನಕ್ಕರು.

“ಅವನಿಗೆ ಫೋನ್ ಕೊಡು. ಕೊಡು ಅಂದ್ನಲ್ಲ!”

ಗೆರೆಯೊನ್ ತೆಗೆದುಕೊಂಡ. ದನಿಯಲ್ಲೇ ಖುಷಿ ತುಳುಕುತ್ತಿತ್ತು. “ಏನಮ್ಮಾ ರೋಸಿ ನಿನ್ನ ಗಲಾಟೆ?”

“ಆ ಮೆತ್ತನೆ ಟೈರು ಹಾಕ್ಬೇಡ ಕಣೋ. ಮಳೇದು ಹಾಕು. ಇಲ್ಲಾಂದ್ರೆ ಹೋಗ್ಲೇಬೇಡ, ಮನೆಗೆ ಬಾ.”

“ಇದನ್ನೇ ನೀನು ಒಂಬತ್ತು ವರ್ಷದಿಂದ ಹೇಳ್ತಿದ್ದೀಯ.”

“ಹೇಳ್ದೆ. ಸುಳ್ಳೇ ಹೇಳ್ದೆ. ನಾನು ಸುಳ್ಳಿ, ಸರಿನಾ? ಇವತ್ತು ನಿಜ. ತಡಿ, ಫೋನನ್ನ ಕಿಟಕಿಗೆ ಹಿಡೀತೀನಿ, ನೀನೇ ಸದ್ದು ಕೇಳು.”

“ಏಪ್ರಿಲ್‌ನಲ್ಲೂ ಕೇಳಿಸಿದ್ದೆ. ಅದು ಪಾತ್ರೆ ತೊಳೆಯೋ ನಲ್ಲಿ.”

ಹೌದು, ನಲ್ಲಿಯೇ. ಏಪ್ರಿಲ್‌ನಲ್ಲಿ ನಲ್ಲಿ ಬಿಟ್ಟು, ಕೆಳಗೆ ತಗಡಿನ ತಟ್ಟೆಯಿಟ್ಟು ಫೋನು ಹಿಡಿದಿದ್ದೆ. ಆಮೇಲೆ ಅವನು ಮನೆಗೆ ಬಂದು ತೊಟ್ಟಿಯಲ್ಲಿದ್ದ ಆ ತಟ್ಟೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಈಗ ನಿಜವಾದ ಮಳೆಗೂ ನಲ್ಲಿಯದೇ ಸದ್ದು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

“ಗೆರೆಯೊನ್, ಎವಾಲ್ಟ್ ಮೇಲಾಣೆ...”

ಅವನ ದನಿಯೇ ಬದಲಾಯಿತು. “ಸತ್ತವನನ್ನ ಇದಕ್ಕೆಲ್ಲ ಎಳೀಬೇಡ ರೋಸಿ. ಅಷ್ಟಾದ್ರೂ ಮರ್ಯಾದೆ ಇರ್ಲಿ.” ಫೋನು ಇಟ್ಟುಬಿಟ್ಟ.

ಮತ್ತೆ ತಿರುಗಿಸಿದೆ. ಗಂಟೆ ಹೊಡೆಯಿತು, ಹೊಡೆಯಿತು, ಯಾರೂ ಎತ್ತಲಿಲ್ಲ. ಅಲ್ಲಿ ಟೈರಿಗೆ ಗಾಳಿ ತುಂಬುವ ಯಂತ್ರದ ಸದ್ದಿಗೆ ಏನೂ ಕೇಳಿಸುವುದಿಲ್ಲವೆಂದು ನನಗೆ ಗೊತ್ತು. ಇಟ್ಟೆ, ಮತ್ತೆ ತಿರುಗಿಸಿದೆ. ಅವಸರಕ್ಕೆ ಎರಡು ಸಲ ತಪ್ಪು ನಂಬರಿಗೆ ಹೋಯಿತು. ಅವನ ಬಳಿಗೆ ಓಡೋಣವೆಂದರೆ ಬೆಟ್ಟದ ದಾರಿ, ಮನೆಯಲ್ಲಿದ್ದ ಒಂದೇ ಕಾರನ್ನು ಅವನೇ ಒಯ್ದಿದ್ದ. ಹದಿನೈದು ನಿಮಿಷ ಹೀಗೆ ಗೋಳಾಡಿದ ಮೇಲೆ ಕುನಿ ಎತ್ತಿದ.

“ಅತ್ತಿಗೆ, ಈಗ ತಾನೇ ಗೇಟು ದಾಟಿದ.”

“ಯಾವ ಟೈರು?”

“ಮೆತ್ತನೇದೇ. ಮತ್ತೇನು? ಇಲ್ಲಿ ಬಿಸಿಲು ಹೊಡೀತಿದೆ.”

ಏನೋ ಒಂದು ಸದ್ದು ಬಂತು, ಅದು ನನ್ನದೇ ಎಂದು ಆಮೇಲೆ ತಿಳಿಯಿತು. ಕುನಿಯ ದನಿ ಇಳಿಯಿತು.

“ಅತ್ತಿಗೆ... ನಿಜವಾಗ್ಲೂನಾ?”

ನಾನು ಫೋನು ಕೈಬಿಟ್ಟೆ. ಗೇಟಿನಿಂದ ನಮ್ಮ ತಿರುವಿಗೆ ಅವನಿಗೆ ಆರು ನಿಮಿಷವೂ ಬೇಡ. ಎಚ್ಚರಿಕೆಯ ಬಾವುಟದ ಬಣ್ಣ ಹಳದಿಯೆಂದು ಇಲ್ಲಿ ಮಕ್ಕಳಿಗೂ ಗೊತ್ತು. ಮೇಜಿನ ಮೇಲೆ ಹಾಸಿದ್ದ ಹಳದಿ ಬಟ್ಟೆಯನ್ನು ಎಳೆದುಕೊಂಡೆ, ಪ್ಲಮ್ ಕೇಕು, ಕಾಫಿ ಲೋಟ ಎಲ್ಲ ನೆಲಕ್ಕೆ ಬಿತ್ತು. ಮನೆಯ ಚಪ್ಪಲಿಯಲ್ಲೇ ಓಡಿದೆ. ತಿರುವಿಗಿಂತ ಮುಂಚೆ, ಅವನು ದೂರದಿಂದಲೇ ಕಾಣುವಂಥ ಜಾಗ ಹುಡುಕಿಕೊಂಡು ಬೇಲಿ ಹತ್ತಿ ನಿಂತೆ.

ಅಷ್ಟರಲ್ಲಿ ಆ ಹಾಳು ಮಳೆ ನಿಂತೇಬಿಟ್ಟಿತು! ನಿಂತದ್ದಷ್ಟೇ ಅಲ್ಲ, ಮೋಡ ಸರಿದು ಬಿಸಿಲು ಬಿತ್ತು. ಅವನು ಬರುವ ಇಳಿಜಾರಿಗೆ ಒಂದು ಹನಿಯೂ ಬಿದ್ದಿರಲಿಲ್ಲ. ಆದರೆ ಕೆಳಗೆ ತಿರುವಿನಲ್ಲಿ, ಮರಗಳ ನೆರಳಿನಲ್ಲಿ, ಬೆಟ್ಟದ ನೀರು ರಸ್ತೆಗೆ ಅಡ್ಡಲಾಗಿ ಹಾಳೆಯಂತೆ ಹರಿಯುತ್ತಿತ್ತು. ಇಳಿಜಾರಿನಿಂದ ನೋಡುವವನಿಗೆ ಅದು ನೆರಳು, ಅಷ್ಟೇ. ‘ಸುರಿ, ಸುರಿಯೋ’ ಎಂದು ನಾನು ಆಕಾಶಕ್ಕೆ ಬೈದೆ. ಮಳೆಗಾಗಿ ಅಷ್ಟು ಬೇಡಿಕೊಂಡವಳು ನಮ್ಮೂರಲ್ಲಿ ನಾನೊಬ್ಬಳೇ ಇರಬೇಕು.

ಮೊದಲು ಒಂದು ಕೆಂಪು ಕಾರು ಬಂತು, ಒಳಗೆ ಯಾವುದೋ ಸಂಸಾರ. ನನ್ನ ಬಟ್ಟೆ ಕಂಡದ್ದೇ ವೇಗ ಇಳಿಸಿ, ನೀರಿನಲ್ಲಿ ಮೆಲ್ಲಗೆ ದಾಟಿ ಹೋಯಿತು. ಗುರುತು ಪರಿಚಯವಿಲ್ಲದವರು ನಂಬಿದರು. ಆಗ ಒಂದು ಕ್ಷಣ ನನಗೂ ಧೈರ್ಯ ಬಂತು.

ಆಮೇಲೆ ಬೆಳ್ಳಿ ಕಾರಿನ ಸದ್ದು. ಇಪ್ಪತ್ತು ವರ್ಷ ಜೊತೆಗೆ ಬಾಳಿದವಳಿಗೆ ಅವನು ಯಾವ ಗೇರಿನಲ್ಲಿದ್ದಾನೆ ಎನ್ನುವುದೂ ಕೇಳಿಸುತ್ತದೆ. ಮೇಲಿನ ತಿರುವಿನಿಂದ ಹೊರಬಿದ್ದ. ಎರಡೂ ಕೈಯಲ್ಲಿ ಬಟ್ಟೆ ಬೀಸಿದೆ, ಗಂಟಲು ಹರಿಯುವಂತೆ ಕೂಗಿದೆ. ಅವನು ನನ್ನನ್ನು ಕಂಡ. ಖಂಡಿತ ಕಂಡ. ಎರಡು ಸಲ ದೀಪ ಮಿನುಗಿಸಿದ. ಆಮೇಲೆ ಒಂದು ಕೈಯನ್ನು ಸ್ಟಿಯರಿಂಗಿನಿಂದ ಎತ್ತಿ, ಬೆರಳು ಮೇಲೆ ಮಾಡಿ ಸೂರ್ಯನನ್ನು ತೋರಿಸಿದ. ನಗುತ್ತಿದ್ದ.

ವೇಗ ಇಳಿಸಲಿಲ್ಲ. ನನ್ನ ಮುಂದಿನಿಂದ ಹಾದು ನೆರಳಿಗೆ ನುಗ್ಗಿದ. ಬ್ರೇಕಿನ ಕೆಂಪು ದೀಪ ಹೊತ್ತಿಕೊಂಡಿತು. ಕಾರು ತಿರುಗಲೇ ಇಲ್ಲ. ತಿರುವು ಎಡಕ್ಕೆ ಹೋಯಿತು, ಕಾರು ನೇರ ಹೋಯಿತು.

ನಾನು ಹೇಗೆ ಓಡಿದೆ, ಚಪ್ಪಲಿ ಎಲ್ಲಿ ಕಳಚಿತು, ಗೊತ್ತಿಲ್ಲ. ಕಬ್ಬಿಣದ ತಡೆ ಮಡಿಚಿಕೊಂಡು ಕಾರಿನ ಮುಂಭಾಗದೊಳಕ್ಕೆ ನುಗ್ಗಿತ್ತು. ಕೆಂಪು ಕಾರಿನವನು ಮುಂದೆ ನಿಲ್ಲಿಸಿ, ಆಂಬುಲೆನ್ಸಿಗೆ ಹೇಳಲು ನಮ್ಮ ಮನೆಯತ್ತ ಓಡಿದ. ನಾನು ಬಾಗಿಲ ಕಿಟಕಿಯೊಳಗೆ ತಲೆ ಹಾಕಿದೆ. ಗೆರೆಯೊನ್ ಕಣ್ಣು ಬಿಟ್ಟುಕೊಂಡೇ ಇದ್ದ. ಮುಖ ಸುಣ್ಣದ ಹಾಗಾಗಿತ್ತು. ಕುತ್ತಿಗೆ ಕೆಳಕ್ಕೆ ಬಗ್ಗಿಸಲು ಆಗುತ್ತಿರಲಿಲ್ಲ.

“ರೋಸಿ, ನೀರಿತ್ತು.”

“ಹೂಂ ಕಣೋ, ಇತ್ತು. ಮಾತಾಡ್ಬೇಡ. ಬರ್ತಿದಾರೆ, ಈಗ ಬಂದ್ಬಿಡ್ತಾರೆ.”

“ನೋವೇ ಆಗ್ತಿಲ್ಲ. ಕಾಲಿರೋದೇ ಗೊತ್ತಾಗ್ತಿಲ್ಲ. ನನಗೆ ಬಗ್ಗಕ್ಕಾಗಲ್ಲ, ನೀನು ನೋಡಿ ಹೇಳು. ಕಾಲು ಸರಿಯಾಗಿದೆ ತಾನೆ?”

ನೋಡಿದೆ. ನೋಡಬಾರದಿತ್ತು. ಸ್ಟಿಯರಿಂಗಿನ ಕೆಳಗೆ ಏನಿತ್ತೆಂದು ನಾನು ಇವತ್ತಿನವರೆಗೂ ಯಾರ ಹತ್ತಿರವೂ ಹೇಳಿಲ್ಲ.

“ಸರಿಯಾಗಿದೆ,” ಎಂದೆ. “ಎರಡೂ ಸರಿಯಾಗಿದೆ. ಒಂದು ಗೀರೂ ಆಗಿಲ್ಲ.”

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ನಿರಾಳವಾಗಿ ಉಸಿರು ಬಿಟ್ಟು, ನನ್ನ ಒದ್ದೆ ಕೈಗೆ ಕೆನ್ನೆ ಒತ್ತಿಕೊಂಡು ಕಣ್ಣು ಮುಚ್ಚಿದ. ನಂಬಿದ.