ಕಾಸ್ ಎಪ್ಪತ್ತೈದು

ಫಕ್ಕೀರೇಶ ಸರ್ ಅವರ ಎಡಗಾಲಿನ ಚಪ್ಪಲಿ ಮಾತ್ರ ಕಿರ್ ಎನ್ನುತ್ತದೆ, ಬಲಗಾಲಿನದು ತೆಪ್ಪಗಿದೆ, ಬೆಂಚುಗಳ ನಡುವೆ ಅವರು ಹೋದಂತೆಲ್ಲ ಕಿರ್, ತೆಪ್ಪಗೆ, ಕಿರ್ — ಇದನ್ನೇ ಕೇಳುತ್ತ ಕೂತರೆ ಪರೀಕ್ಷೆ ಬರೆದ ಹಾಗೇ ಎಂದು ಸಮತಾ ತನ್ನನ್ನೇ ಗದರಿಕೊಂಡಳು, ಗಡಿಯಾರದಲ್ಲಿ ಇನ್ನು ಹದಿನೈದು ನಿಮಿಷ, ಹಾಳೆಯಲ್ಲಿ ಕೊನೆಯ ಲೆಕ್ಕ, ಕಾಸ್ ಎಪ್ಪತ್ತೈದು ಡಿಗ್ರಿಯ ಬೆಲೆ ಕಂಡುಹಿಡಿಯಿರಿ, ಎರಡು ಅಂಕ, ಇದುವರೆಗೆ ಬರೆದದ್ದರಲ್ಲಿ ಹದಿಮೂರು ಗ್ಯಾರಂಟಿ, ಮೂರು ಸಲ ಕೂಡಿಸಿ ನೋಡಿದ್ದಾಳೆ, ಹದಿನೈದು ಬಂದರೆ ಬಿ.ಎಸ್ಸಿ.ಯಲ್ಲಿ ಗಣಿತ, ಇಲ್ಲದಿದ್ದರೆ ಇಲ್ಲ, ಪ್ರವೇಶದ ದಿನವೇ ಸರ್ ಮುಲಾಜಿಲ್ಲದೆ ಹೇಳಿದ್ದರು, ಪಿಯುಸಿ ಮುಗಿದು ಮೂರು ವರ್ಷ ಆಗೇತಿ ನಿಂದು, ಹಳೇ ಲೆಕ್ಕ ಎಲ್ಲಾ ಒಮ್ಮೆ ತಿರುವಿ ಹಾಕ್ಕೊಂಡು ಬಾ, ಇಲ್ಲಾಂದ್ರ ಬ್ಯಾರೆ ವಿಷಯ ತಗೋವಾ. ಬೇರೆ ವಿಷಯವಂತೆ, ಮೂರು ವರ್ಷ ಕಾದದ್ದು ಬೇರೆ ವಿಷಯಕ್ಕೇನು, ಅವಳಿಗೆ ಬೇಕಾದದ್ದು ಇದೊಂದೇ. ನಲವತ್ತೈದು, ಮೂವತ್ತು, ಕೂಡಿದರೆ ಎಪ್ಪತ್ತೈದು, ಅಲ್ಲಿಯವರೆಗೆ ದಾರಿ ಸರಾಗ, ಕಾಸ್ ಎ ಕಾಸ್ ಬಿ, ಆಮೇಲೆ — ಆಮೇಲೆ ಕಿವಿಯಲ್ಲಿ ಹನ್ನೊಂದು ಹೆಂಗಸರು ಒಮ್ಮೆಲೇ ಹಾಡತೊಡಗಿದರು.

ಕಳೆದ ತಿಂಗಳ ಮಾತು, ಊರು ಮಾಸೂರಿನಲ್ಲಿ ಮದಗದ ಕೆರೆ ನೀರಿನ ಗದ್ದೆ, ಮೊಣಕಾಲಿನವರೆಗೆ ಕೆಸರು, ಭತ್ತದ ಸಸಿ ಹಚ್ಚುತ್ತ ಎಲ್ಲರೂ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದಾರೆ, ಪಕ್ಕದಲ್ಲಿ ಅವ್ವ ಶಾರವ್ವ, ಪುಸ್ತಕ ಬದುವಿನ ಮ್ಯಾಲಿರ್ಲಿ, ಕೆಸರು ಹತ್ತೀತು, ಸೂತ್ರ ಬಾಯಾಗ ಇಟ್ಕೋ, ಬಾಯಲ್ಲಿಟ್ಟುಕೊಂಡದ್ದೇ ತಪ್ಪಾಯಿತು, ಗುಂಪಿನ ಹಿರಿಯಳು ಸಾವಂತ್ರವ್ವ ಸೊಂಟ ನೆಟ್ಟಗೆ ಮಾಡಿ ನಿಂತಳು, ಯಾಕ ಹುಡುಗಿ, ಒಬ್ಬಾಕಿನ ಏನು ಮಣಮಣ ಅನ್ನಾಕತ್ತಿ, ಜೋರಾಗಿ ಅನ್ನು, ನಮಗೂ ಬ್ಯಾಸರ ಹೋಗ್ಲಿ. ಮಧ್ಯಾಹ್ನದ ಬುತ್ತಿ ಬಿಚ್ಚುವಷ್ಟರಲ್ಲಿ ಸೈನ್ ಮೂವತ್ತು ಅರ್ಧ ಎಂಬುದು ಇಡೀ ಗದ್ದೆಗೆ ಬಾಯಿಪಾಠ, ಸೈನ್ ಗಂಡಸೋ ಹೆಂಗಸೋ ಎಂಬ ಚರ್ಚೆ ಬೇರೆ, ಸೈನ್ ಏರಿದ್ರ ಕಾಸ್ ಇಳೀತೈತಿ ಆಯಿ ಎಂದು ಸಮತಾ ಹೇಳಿದಾಗ, ಹಂಗಾದ್ರ ಗಂಡ ಹೇಂತಿನ ಬಿಡು ಎಂದು ಸಾವಂತ್ರವ್ವ ತೀರ್ಪು ಕೊಟ್ಟಳು, ನಕ್ಕೂ ನಕ್ಕೂ ಅವ್ವನ ಕೈಯಲ್ಲಿದ್ದ ಸಸಿಯ ಕಟ್ಟು ನೀರಿಗೆ ಬಿತ್ತು, ಓದು ಅಷ್ಟು ಖುಷಿಯ ಕೆಲಸವೆಂದು ಸಮತಾಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಆದರೆ ಮರುದಿನ ಮೈನಸ್ ಬಂತು. ಮೈನಸ್ ಅಂದ್ರ ಏನು, ತಗದು ಹಾಕೋದು ಆಯಿ, ಅಯ್ಯ, ಸಸಿ ಹಚ್ಚೋ ಹೊತ್ತಿನಾಗ ತಗದು ಹಾಕೋ ಮಾತು ಆಡ್ತಾರೇನ, ಭೂಮಿತಾಯಿ ಏನಂದಾಳು, ಪ್ಲಸ್ ಅನ್ರೇ ಎಲ್ಲಾರೂ! ಕಾಳು ಅಳೆಯುವಾಗ ಒಂದು ಎನ್ನದೆ ಲಾಭ, ಎರಡು, ಮೂರು ಎನ್ನುವ ಮುದುಕಿ, ಅವಳಿಗೆ ಎದುರಾಡುವವರು ಯಾರು, ಅಂದಿನಿಂದ ಆ ಗದ್ದೆಯಲ್ಲಿ ಮೈನಸ್ ಎಂಬುದೇ ಇಲ್ಲ, ಇದ್ದಲ್ಲೆಲ್ಲ ಪ್ಲಸ್, ಸಮತಾ ಕೂಡ ನಗುತ್ತ ಹಾಡಿದಳು, ಇಪ್ಪತ್ತು ದಿನ ಹಾಡಿದಳು.

ಈಗ ನಗು ನಾಲಿಗೆಯ ಮೇಲೆ ಒಣಗಿದೆ. ಕಾಸ್ ಎ ಕಾಸ್ ಬಿ ಪ್ಲಸ್ ಸೈನ್ ಎ ಸೈನ್ ಬಿ — ಇದು ಪುಸ್ತಕದ ಪ್ಲಸ್ಸೋ ಸಾವಂತ್ರವ್ವನ ಪ್ಲಸ್ಸೋ, ಪುಟ ಕಣ್ಣೆದುರು ತಂದುಕೊಂಡರೆ ಪುಟದ ತುಂಬ ಸಸಿಯೇ ಕಾಣುತ್ತದೆ, ಪ್ಲಸ್ ಹಾಕಿದರೆ ಮೇಲೆ ರೂಟ್ ಮೂರು ಪ್ಲಸ್ ಒಂದು, ಕೆಳಗೆ ಎರಡು ರೂಟ್ ಎರಡು, ಮೈನಸ್ ಹಾಕಿದರೆ ಮೇಲೆ ರೂಟ್ ಮೂರು ಮೈನಸ್ ಒಂದು, ಕೆಳಗೆ ಅದೇ, ಎರಡೂ ಮದುವೆಗೆ ಹೊರಟವರ ಹಾಗೆ ಲಕ್ಷಣವಾಗಿವೆ, ಕಿರ್, ತೆಪ್ಪಗೆ, ಇನ್ನು ಏಳು ನಿಮಿಷ, ಯಾರನ್ನು ಕೇಳುವುದು, ಯಾರನ್ನೂ ಕೇಳುವ ಹಾಗಿಲ್ಲ, ಹಾಗಾದರೆ ಸೂತ್ರವನ್ನೇ ಕೇಳಿದರೆ, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯೊಂದನ್ನು ಅದಕ್ಕೇ ಕೊಟ್ಟರೆ — ತೊಂಬತ್ತು! ಕಾಸ್ ತೊಂಬತ್ತು ಸೊನ್ನೆ, ಅದನ್ನು ಯಾವ ಗದ್ದೆಯವರೂ ತಿದ್ದಿಲ್ಲ, ನಲವತ್ತೈದಕ್ಕೆ ನಲವತ್ತೈದು ಕೂಡಿದರೆ ತೊಂಬತ್ತು, ಕಾಸ್ ಕಾಸ್ ಗುಣಿಸಿದರೆ ಅರ್ಧ, ಸೈನ್ ಸೈನ್ ಗುಣಿಸಿದರೂ ಅರ್ಧ, ಅರ್ಧ ಪ್ಲಸ್ ಅರ್ಧ ಒಂದಾಗುತ್ತದೆ, ಸೊನ್ನೆ ಬರಬೇಕಾದರೆ, ಅರ್ಧದಲ್ಲಿ ಅರ್ಧ ಹೋಗಬೇಕು, ಮೈನಸ್, ಮೈನಸ್ಸೇ! ಬೆಂಚು ಗಡಕ್ಕೆಂದಿತು, ಯಾಕವಾ, ಏನರ ಬೇಕಿತ್ತೇನು, ಏನಿಲ್ರಿ ಸರ್, ಏನೂ ಬ್ಯಾಡ್ರಿ. ನಿಜಕ್ಕೂ ಏನೂ ಬೇಡ. ಗೀಟು ಎಳೆದಳು.

ಆಯಿ, ನಿಮ್ಮ ಹಾಡು ತಪ್ಪೈತಿ ಎಂದರೆ ಸಾವಂತ್ರವ್ವ ಏನೆನ್ನುತ್ತಾಳೆ, ಗದ್ದ್ಯಾಗ ಹಂಗ ಇರ್ಲಿ, ಕಾಲೇಜಿನಾಗ ನೀ ಹೆಂಗರ ಬರ್ಕೋ ಎನ್ನುತ್ತಾಳೆ, ಇರಲಿ ಬಿಡು, ನಾಳೆ ಗಣಿತದ ಕ್ಲಾಸಿನಿಂದ ಹೊಸ ಸೂತ್ರ ಒಯ್ದರೆ ಅದನ್ನೂ ಹಾಡಾಗಿಸಿಕೊಳ್ಳುತ್ತಾರೆ, ಆದರೆ ಈ ಮೈನಸ್ ಹೇಳಿಸಿಕೊಂಡದ್ದಲ್ಲ, ಪುಸ್ತಕವಾಗಲಿ ಸರ್ ಆಗಲಿ ಗದ್ದೆಯಾಗಲಿ ಕೊಟ್ಟದ್ದಲ್ಲ, ತಾನೇ ಕೇಳಿ ತಾನೇ ಪಡೆದದ್ದು, ಎದೆ ತುಂಬಿ ಬಂತು ಅವಳಿಗೆ, ಗಂಟೆ ಹೊಡೆಯಿತೇನು, ಹೊಡೆಯಿತು, ಹಾಳಿ ಕೊಡವಾ, ಕೊಡ್ತೇನ್ರಿ ಸರ್, ಸರ್ ಎಳೆಯುತ್ತಿದ್ದಾರೆ, ಬೆರಳು ಬಿಡುತ್ತಿಲ್ಲ, ರೂಟ್ ಮೂರು ಮತ್ತು ಒಂದರ ನಡುವೆ ಆ ಗೀಟು, ಶಾಯಿ ಇನ್ನೂ ಆರಿಲ್ಲ, ಸಣ್ಣ ಗೀಟು, ತಾನೇ ಎಳೆದದ್ದು, ಆ ಗೀಟು —