ಮೂರು ಗುಬ್ಬಿಗಳ ಇಸ್ತ್ರಿಯಮ್ಮ

“ಉಸಿರು ಒಳಗೆಳೀರಿ ಮೇಡಂ,” ಎಂದು ಇಸ್ತ್ರಿಯಮ್ಮನ ಮಗಳು ಗಾಯಕಿಯ ಕರಿ ಗೌನಿನ ಕೊನೆಯ ಕೊಕ್ಕೆ ಹಾಕಿದಳು. ಗೋಡೆಯಾಚೆ ಶವಪೆಟ್ಟಿಗೆಯಲ್ಲಿ ಅಮ್ಮ ಮಲಗಿದ್ದಳು. ಕಾಯಿಲೆ ಬೀಳುವವರೆಗೂ ಈ ಕೊಕ್ಕೆ ಹಾಕುವ ಕೆಲಸ ಅಮ್ಮನದೇ ಆಗಿತ್ತು.

“ಅಮ್ಮನ ಕೈಗುಣ ನಿಂಗೂ ಬಂದಿದೆ ಪುಟ್ಟಿ. ಅಂಥ ಇಸ್ತ್ರಿಯಮ್ಮ ಇನ್ನೆಲ್ಲಿ ಸಿಗ್ತಾಳೆ ಹೇಳು.”

“ಅಮ್ಮ ಇಸ್ತ್ರಿ ಒಂದೇ ಮಾಡ್ತಿದ್ಲಾ ಮೇಡಂ?”

ಗಾಯಕಿ ಕನ್ನಡಿಯಲ್ಲೇ ಅವಳನ್ನು ನೋಡಿದಳು. “ಸಾವಿನ ಮನೇಲಿ ಆ ಮಾತೆಲ್ಲ ಯಾಕೆ?”

ಸಾವಿನ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರು ಎನ್ನುವವರು ಸಾಮಾನ್ಯವಾಗಿ ಸತ್ತವರ ಬಾಯನ್ನೂ ಮೊದಲೇ ಮುಚ್ಚಿಸಿರುತ್ತಾರೆ. ಈಕೆ ‘ಮೂರು ಗುಬ್ಬಿಗಳು’ ಎಂಬ ಹೆಸರಾಂತ ಹಾಡಿನ ಗುಂಪಿನ ನಡುವಿನ ಗುಬ್ಬಿ. ಉಳಿದಿಬ್ಬರು ಮದುವೆಯಾಗಿ ಹಾಡು ಬಿಟ್ಟರು. ಇವಳಿಗೆ ಬಿಡಲು ಹಾಡೇ ಇರಲಿಲ್ಲ.

*

ಅಮ್ಮ ಗುಂಪಿನ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತ ದೇಶದೇಶದ ಗುಂಪುಗಳ ರೆಕಾರ್ಡು ಕೇಳುತ್ತಿದ್ದಳು. ಭಾಷೆ ತಿಳಿಯದಿದ್ದರೂ ಒಬ್ಬೊಬ್ಬರ ದನಿಯನ್ನೂ ಬೇರೆ ಬೇರೆಯಾಗಿ ಬಿಡಿಸಿ ಹಾಡುತ್ತಿದ್ದಳು. ರೆಕಾರ್ಡ್ ಕಂಪನಿಯ ಯಜಮಾನನ ಕಿವಿಗೆ ಅದು ಬಿತ್ತು. ಮೂರೂ ಗುಬ್ಬಿಗಳ ದನಿಯನ್ನು ಅವಳೊಬ್ಬಳಿಂದಲೇ ಹಾಡಿಸಿ, ಒಂದರ ಮೇಲೊಂದು ಕೂರಿಸಿ ರೆಕಾರ್ಡ್ ಮಾಡಿದ. ವೇದಿಕೆಯಲ್ಲಿ ಟೇಪು ಹಾಡುತ್ತಿತ್ತು, ಗುಬ್ಬಿಗಳು ಬಾಯಿ ಆಡಿಸುತ್ತಿದ್ದವು.

“ನಿನ್ನ ಮುಖ ನೋಡೋಕೆ ಯಾರು ಬರ್ತಾರಮ್ಮ?” ಎಂದು ಯಜಮಾನ ನಕ್ಕಿದ್ದ. ಅಮ್ಮನೂ ನಕ್ಕಿದ್ದಳು.

ಕೊನೆಗೆ ಆಸ್ಪತ್ರೆಯಲ್ಲಿ ಮಾತ್ರ ಮಗಳ ಕೈ ಹಿಡಿದುಕೊಂಡಳು. “ನಾನು ಹೋದ್ಮೇಲಾದ್ರೂ ಹಾಡಿದ್ದು ನಾನು ಅಂತ ಜನಕ್ಕೆ ಗೊತ್ತಾಗ್ಲಿ ಕಣೇ.” ಮಗಳು ಮಾತು ಕೊಟ್ಟಳು.

*

ಹಾಲ್ ತುಂಬಿತ್ತು. ಇಸ್ತ್ರಿಯಮ್ಮನಿಗಾಗಿ ಬಂದವರು ನಾಲ್ಕೈದು ಜನ, ಉಳಿದವರೆಲ್ಲ ಗಾಯಕಿಯನ್ನು ನೋಡಲು ಬಂದವರು. ಯಜಮಾನ ಮೈಕ್ ಹಿಡಿದ. “ತಮ್ಮ ಬಟ್ಟೆ ನೋಡ್ಕೊಂಡ ಒಬ್ಬ ಬಡ ಹೆಂಗಸಿಗೋಸ್ಕರ ಮೇಡಂ ಇವತ್ತು ಹಾಡ್ತಾರೆ. ಎಂಥಾ ದೊಡ್ಡ ಮನಸ್ಸು ನೋಡಿ.”

ಅವನಿಂದ ಮೈಕ್ ತೆಗೆದುಕೊಂಡು ಗಾಯಕಿ ಪೆಟ್ಟಿಗೆಯ ಪಕ್ಕ ನಿಂತಳು. ಸ್ಪೀಕರಿನಿಂದ ಅಮ್ಮನ ಹರೆಯದ ದನಿ ಎದ್ದಿತು. ಗಾಯಕಿಯ ತುಟಿಗಳು ಎಂದಿನಂತೆ ಚೂರೂ ತಪ್ಪದೆ ಆಡಿದವು.

“ಏನು ಕಂಠ ಕಣಮ್ಮ,” ಎಂದಳು ಪಕ್ಕದ ಮನೆಯ ಅಜ್ಜಿ. “ಇದನ್ನ ಕೇಳ್ಕೊಂಡು ಹೋಗೋಕೆ ನಿಮ್ಮಮ್ಮ ಪುಣ್ಯ ಮಾಡಿದ್ಲು.”

ಮಗಳು ಮೂಲೆಗೆ ಹೋಗಿ ಟೇಪಿನ ಪ್ಲಗ್ಗು ಕಿತ್ತಳು.

ಗಾಯಕಿಯ ತುಟಿಗಳು ಸ್ವಲ್ಪ ಹೊತ್ತು ತಾವಾಗಿಯೇ ಆಡಿದವು. ಜನ ಕಾಯುತ್ತಿದ್ದರು, ಮೈಕ್ ಚಾಲೂ ಇತ್ತು. ಬೇರೆ ದಾರಿ ಕಾಣದೆ ಅವಳು ಹಾಡಿದಳು. ಒಡೆದ ಮಡಕೆಯಂಥ ದನಿ. ಶ್ರುತಿ ಒಂದು ಕಡೆ, ಹಾಡು ಇನ್ನೊಂದು ಕಡೆ.

“ಕೇಳಿಸ್ಕೊಳ್ಳಿ,” ಎಂದಳು ಮಗಳು ಎಲ್ಲರಿಗೂ ಕೇಳುವಂತೆ. “ಅವರ ದನಿ ಇದೇ. ಇಷ್ಟು ವರ್ಷ ನೀವು ಕೇಳಿದ್ದು ನಮ್ಮಮ್ಮನ್ನ.”

ಅಜ್ಜಿ ಎದ್ದು ಬಂದು ಅವಳನ್ನು ತಬ್ಬಿಕೊಂಡಳು. “ಸುಮ್ನಿರು ನನ್ನವ್ವ. ತಾಯಿ ಹೋದ ಸಂಕಟ, ಏನೇನೋ ಮಾತಾಡಿಸ್ತದೆ.”

“ಅವರನ್ನ ನೋಡ್ರಿ,” ಎಂದ ಹಿಂದಿನ ಸಾಲಿನವನೊಬ್ಬ. “ಕೆಲಸದವಳಿಗಾಗಿ ಅತ್ತು ಅತ್ತು ಗಂಟಲೇ ಕಟ್ಟಿದೆ.”

ಹಾಲಿಗೆ ಹಾಲೇ ಅಳತೊಡಗಿತು. ಗಾಯಕಿಗೂ ಧೈರ್ಯ ಬಂದು ದನಿ ಏರಿಸಿದಳು. ಯಜಮಾನ ಬಾಯಿಗೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿ, ರೆಕಾರ್ಡ್ ಮಾಡಿಕೊಳ್ಳಲು ಫೋನು ತೆಗೆದ. ಪೆಟ್ಟಿಗೆಯ ಮುಚ್ಚಳದ ಮೇಲಿದ್ದ ಹೂಗಳನ್ನು ಮೊಣಕೈಯಿಂದ ಸರಿಸಿ, ಫೋನನ್ನು ಅಲ್ಲಿ ಅಲುಗಾಡದಂತೆ ನಿಲ್ಲಿಸಿದ.